ಒದ್ದೆ ರಸ್ತೆ, ಬೆನ್ನ ಹಿಂದಿನ ಎಂಜಿನ್

(ಉಪನ್ಯಾಸವೊಂದರ ಬರಹ ರೂಪ. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದೆ.)

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಎರಡೂವರೆ ಸೆಕೆಂಡಿನಲ್ಲಿ ನಡೆದುಹೋದ ಒಂದು ಸಂಗತಿಯಿಂದ ಮಾತು ಶುರು ಮಾಡುತ್ತೇನೆ. ಅದು ಯಾಕೆ ನಡೆಯಿತು ಎಂದು ಅರ್ಥ ಮಾಡಿಕೊಳ್ಳಲು ನನಗೆ ವರ್ಷಗಳೇ ಹಿಡಿದವು.

ಮಳೆ ಆಗಷ್ಟೇ ಹಿಡಿದಿತ್ತು. ಜೋರು ಮಳೆಯಲ್ಲ, ವೈಪರನ್ನು ಅತಿ ನಿಧಾನಕ್ಕೆ ಇಟ್ಟರೂ ಸಾಕೆನ್ನುವಷ್ಟು. ಎರಡೇ ಸೀಟಿನ ಕಾರು, ಎಂಜಿನ್ ನಮ್ಮ ಬೆನ್ನಿಗೂ ಹಿಂದಿನ ಚಕ್ರಗಳಿಗೂ ನಡುವೆ. ಪಕ್ಕದಲ್ಲಿ ನನ್ನ ತಮ್ಮ ಕೂತಿದ್ದ. ಮುಂದೆ ಉದ್ದನೆಯ ಎಡ ತಿರುವು, ವೇಗ ಗಂಟೆಗೆ 60 ಕಿ.ಮೀ. ಆಸುಪಾಸು. ಒಣ ದಿನಗಳಲ್ಲಿ ಅದೇ ತಿರುವನ್ನು ಅದಕ್ಕಿಂತ ಜೋರಾಗಿ ಎಷ್ಟೋ ಸಲ ದಾಟಿದ್ದೆ. ಅವತ್ತು ತಿರುವಿನ ನಡುವೆ ಕಾರಿನ ಮೂತಿ ಒಳಗೆ ಬರಲಿಲ್ಲ, ಸ್ವಲ್ಪ ಹೊರಕ್ಕೆ ಜರುಗಿತು. ಸ್ಟಿಯರಿಂಗನ್ನು ಇನ್ನಷ್ಟು ತಿರುಗಿಸಿದೆ. ಆಗಲೂ ಬರಲಿಲ್ಲ. ಎದೆ ಧಸಕ್ಕೆಂದಿತು, ಆಕ್ಸಿಲರೇಟರ್ ಮೇಲಿನ ಕಾಲನ್ನು ಒಮ್ಮೆಲೇ ಎತ್ತಿಬಿಟ್ಟೆ.

ಮರುಕ್ಷಣ ಕಾರಿನ ಬಾಲ ಬಲಕ್ಕೆ ಹಾರಿತು. ಜಾರಿತು ಅನ್ನುವುದಕ್ಕಿಂತ ಹಾರಿತು ಅನ್ನುವುದೇ ಸರಿ. ಸ್ಟಿಯರಿಂಗನ್ನು ಬಲಕ್ಕೆ ಎಳೆದೆ. ಬಾಲ ಒಂದು ಗಳಿಗೆ ತಡೆದು ನಿಂತಂತೆ ಮಾಡಿ, ಈ ಸಲ ಎಡಕ್ಕೆ ಬೀಸಿತು. ನನ್ನ ಕೈ ಇನ್ನೂ ಮೊದಲಿನ ಜಾರುವಿಕೆಯನ್ನೇ ಸರಿಪಡಿಸುತ್ತಿತ್ತು, ಕಾರು ಆಗಲೇ ಎರಡನೆಯದರಲ್ಲಿತ್ತು. ಕಣ್ಣ ಮುಂದೆ ರಸ್ತೆ, ಮರ, ಬೇಲಿ, ಮತ್ತೆ ರಸ್ತೆ ಸುತ್ತಿ ಹೋದವು. ಬಂದ ದಾರಿಗೇ ಮುಖ ಮಾಡಿಕೊಂಡು ಕಾರು ಅಂಚಿನ ಹುಲ್ಲಿನ ಮೇಲೆ ನಿಂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಆ ಒಂದು ಕಾರಣಕ್ಕೆ ನಾನು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ: "ಅಣ್ಣಾ, ನೀನೇನು ಮಾಡಿದೆ?"

"ಏನೂ ಮಾಡಲಿಲ್ಲ ಕಣೋ, ಕಾಲು ತೆಗೆದೆ ಅಷ್ಟೆ" ಅಂದೆ.

ನಾನು ಕೊಟ್ಟ ಆ ಉತ್ತರದಲ್ಲೇ ತಪ್ಪು ಎಲ್ಲಿತ್ತು ಎನ್ನುವುದಿತ್ತು, ಆದರೆ ಆಗ ನನಗೆ ಕಾಣಲಿಲ್ಲ. ಮಳೆಯಲ್ಲಿ ಇಂಥ ಕಾರು ಕೈತಪ್ಪುವುದು ಹೆಚ್ಚಾಗಿ ವೇಗ ಹೆಚ್ಚಿಸುವಾಗ ಎಂದು ಜನ ತಿಳಿದಿದ್ದಾರೆ. ಅದೂ ಉಂಟು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಹೆದರಿ ಹಿಂದೆ ಸರಿಯುವಾಗ ಕೈತಪ್ಪುವ ಕಾರುಗಳ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ನನ್ನ ಇವತ್ತಿನ ಮಾತೆಲ್ಲ ಆ ಹೆದರಿದ ಕಾಲಿನ ಬಗ್ಗೆ.

ಮೊದಲು ಎಂಜಿನ್ ಎಲ್ಲಿದೆ ಎನ್ನುವುದು ಯಾಕೆ ಇಷ್ಟು ಮುಖ್ಯ ಎಂದು ನೋಡೋಣ. ಒಂದು ಉದ್ದನೆಯ ಕೋಲು ತೆಗೆದುಕೊಳ್ಳಿ. ಅದರ ಎರಡೂ ತುದಿಗೆ ಒಂದೊಂದು ಇಟ್ಟಿಗೆ ಕಟ್ಟಿ, ನಡುವೆ ಹಿಡಿದು ಗಿರ್ರನೆ ತಿರುಗಿಸಲು ನೋಡಿ. ಕೋಲು ಮೊಂಡು ಹಿಡಿಯುತ್ತದೆ, ತಿರುಗಲು ಶುರುವಾದ ಮೇಲೆ ನಿಲ್ಲಿಸುವುದೂ ಕಷ್ಟ. ಈಗ ಅವೇ ಇಟ್ಟಿಗೆಗಳನ್ನು ನಿಮ್ಮ ಮುಷ್ಟಿಯ ಹತ್ತಿರಕ್ಕೆ ಸರಿಸಿ ಕಟ್ಟಿ. ತೂಕ ಅಷ್ಟೇ, ಆದರೆ ಕೋಲು ಬೆರಳಿನ ತುದಿಗೆ ತಿರುಗುತ್ತದೆ. ಮಧ್ಯ ಎಂಜಿನ್ ಕಾರು ಈ ಎರಡನೇ ಕೋಲು. ಕಾರಿನ ಅತಿ ಭಾರದ ಭಾಗವನ್ನು ತಂದು ಎರಡು ಆಕ್ಸಲುಗಳ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ಅಚ್ಚುಗಳ, ನಡುವೆ ಇಟ್ಟಿರುವುದರಿಂದ ಅದು ದಿಕ್ಕು ಬದಲಿಸಲು ಸದಾ ಸಿದ್ಧವಾಗಿರುತ್ತದೆ. ಒಣ ರಸ್ತೆಯಲ್ಲಿ ಇದೇ ಅದರ ಸೊಗಸು. ನೀವು ಹೇಳಿದ ದಿಕ್ಕಿಗೂ ತಿರುಗುತ್ತದೆ, ನೀವು ಹೇಳದ ದಿಕ್ಕಿಗೂ ಅಷ್ಟೇ ಚುರುಕಾಗಿ ತಿರುಗುತ್ತದೆ ಎನ್ನುವುದು ಒದ್ದೆ ರಸ್ತೆಯಲ್ಲಿ ಗೊತ್ತಾಗುತ್ತದೆ.

ಈ ಪಾಠ ಹೊಸದಲ್ಲ. 1934ರಲ್ಲಿ ಜರ್ಮನಿಯ ಆಟೊ ಯೂನಿಯನ್ ಕಂಪನಿ ಚಾಲಕನ ಹಿಂದೆ ಹದಿನಾರು ಸಿಲಿಂಡರಿನ ಎಂಜಿನ್ ಕೂರಿಸಿದ ರೇಸ್ ಕಾರನ್ನು ಓಡಿಸತೊಡಗಿತು. ಫರ್ಡಿನಾಂಡ್ ಪೋರ್ಷೆ ಅದರ ವಿನ್ಯಾಸಕ. ಮುಂದೆ ಎಂಜಿನ್ ಇರುವ ಕಾರುಗಳಲ್ಲಿ ಪಳಗಿದವರಿಗೆ ಅದು ಸುಲಭಕ್ಕೆ ಬಗ್ಗಲಿಲ್ಲ. ಚಾಲಕ ಮೂತಿಯ ಹತ್ತಿರ ಕೂರುತ್ತಿದ್ದ, ಬಾಲ ಬಹಳ ಹಿಂದೆ. ಬಾಲ ಜಾರತೊಡಗಿದ್ದು ಅವನ ಮೈಗೆ ತಿಳಿಯುವುದೇ ತಡವಾಗಿ. ಅದನ್ನು ಪಳಗಿಸಿದವನು ಬರ್ನ್ಡ್ ರೋಸೆಮೇಯರ್. ಅವನು ಬಂದದ್ದು ಮೋಟರ್ ಸೈಕಲ್ ರೇಸಿನಿಂದ, ಮುಂದೆ ಎಂಜಿನ್ ಇರುವ ರೇಸ್ ಕಾರಿನ ಹಳೆಯ ಅಭ್ಯಾಸ ಅವನ ಕೈಕಾಲಿಗೆ ಅಂಟಿರಲಿಲ್ಲ. 1936ರಲ್ಲಿ ನ್ಯೂರ್ಬುರ್ಗ್‌ರಿಂಗ್‌ನಲ್ಲಿ ಮಂಜು ಕವಿದು ದಾರಿಯೇ ಕಾಣದಂತಾದ ಓಟವೊಂದನ್ನು ಅವನು ಅದೇ ಕಾರಿನಲ್ಲಿ ಗೆದ್ದ, ಆ ವರ್ಷ ಯೂರೋಪಿನ ಚಾಂಪಿಯನ್ ಕೂಡ ಆದ. ಹಳೆಯ ಅಭ್ಯಾಸ ಇಲ್ಲದಿರುವುದೇ ಅವನಿಗೆ ವರವಾಯಿತು ಎಂದು ಹೇಳುವುದುಂಟು. ನನಗೆ ಈ ಮಾತು ತುಂಬ ಹಿಡಿಸುತ್ತದೆ, ಏಕೆಂದರೆ ನನ್ನ ತೊಂದರೆಯೂ ಅಭ್ಯಾಸದ್ದೇ. ಮುಂದಿನ ಚಕ್ರಗಳೇ ಎಳೆಯುವ ಮಾಮೂಲಿ ಕಾರಿನಲ್ಲಿ ವರ್ಷಗಟ್ಟಲೆ ಓಡಾಡಿದ ಕಾಲು ನನ್ನದು. ಅಲ್ಲಿ ಮೂತಿ ಹೊರಕ್ಕೆ ಜಾರಿದರೆ ಕಾಲು ತೆಗೆದರಾಯಿತು, ಕಾರು ಹೆಚ್ಚುಕಡಿಮೆ ತಾನೇ ಸರಿಹೋಗುತ್ತದೆ.

ಯುದ್ಧದ ನಂತರದ ಕಥೆ ಬೇಗ ಹೇಳಿ ಮುಗಿಸುತ್ತೇನೆ. 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಬಮ್ ಬೆನ್ನ ಹಿಂದೆ ಎಂಜಿನ್ ಇದ್ದ ಪುಟ್ಟ ಕೂಪರ್ ಕಾರಿನಲ್ಲಿ ವಿಶ್ವ ಚಾಂಪಿಯನ್ ಆದಮೇಲೆ ಫಾರ್ಮುಲಾ 1 ಪೂರ್ತಿ ಆ ಕಡೆಗೆ ವಾಲಿತು. 1966ರಲ್ಲಿ ಲಂಬೋರ್ಗಿನಿ ಮಿಯುರಾ ಆ ವಿನ್ಯಾಸವನ್ನು ಶ್ರೀಮಂತರ ರಸ್ತೆಗೆ ತಂದಿತು. ಫಿಯೆಟ್ ಎಕ್ಸ್1/9, ಟೊಯೊಟಾ ಎಂಆರ್2, ಹೋಂಡಾ ಎನ್‌ಎಸ್‌ಎಕ್ಸ್, ಲೋಟಸ್ ಎಲೀಸ್, ಪೋರ್ಷೆ ಬಾಕ್ಸ್‌ಸ್ಟರ್ ಒಂದೊಂದಾಗಿ ಬಂದವು. ದಶಕಗಳ ಕಾಲ ಮೂತಿಯಲ್ಲೇ ಎಂಜಿನ್ ಇಟ್ಟುಕೊಂಡಿದ್ದ ಶೆವರ್ಲೆ ಕಾರ್ವೆಟ್ ಕೂಡ 2020ರ ಮಾದರಿಯಿಂದ ಅದನ್ನು ಹಿಂದಕ್ಕೆ ಸರಿಸಿತು. ಇವುಗಳಲ್ಲಿ ಒಂದರ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು. 1989ರಲ್ಲಿ ಬಂದ ಎರಡನೇ ತಲೆಮಾರಿನ ಎಂಆರ್2, ತಿರುವಿನ ನಡುವೆ ಕಾಲು ಎತ್ತಿದರೆ ಗಕ್ಕನೆ ಬಾಲ ಬೀಸುವ ಕಾರು ಎಂದು ಹೆಸರು ಮಾಡಿತು. ಕೆಲವೇ ವರ್ಷಗಳಲ್ಲಿ ಟೊಯೊಟಾ ಅದರ ಸಸ್ಪೆನ್ಷನ್ ಬದಲಿಸಿತು, ಟೈರುಗಳನ್ನೂ ಅಗಲ ಮಾಡಿತು. ಅಂದರೆ ಇದು ಬರೀ ಚಾಲಕರ ದಡ್ಡತನದ ಮಾತಲ್ಲ, ಎಂಜಿನಿಯರುಗಳೂ ತಲೆ ಕೆಡಿಸಿಕೊಂಡ ವಿಷಯ.

ಈಗ ನನ್ನ ಎರಡೂವರೆ ಸೆಕೆಂಡಿಗೆ ವಾಪಸ್ ಬರೋಣ. ದಯವಿಟ್ಟು ಇಲ್ಲಿ ಸ್ವಲ್ಪ ತಾಳ್ಮೆಯಿಂದ ಕೇಳಿ, ಇಡೀ ಮಾತಿನ ತಿರುಳು ಇಲ್ಲಿದೆ.

ಇಂಥ ಕಾರಿನಲ್ಲಿ ಸುಮಾರು 40 ಪಾಲು ತೂಕ ಮುಂದಿನ ಚಕ್ರಗಳ ಮೇಲೆ, 60 ಪಾಲು ಹಿಂದಿನ ಚಕ್ರಗಳ ಮೇಲೆ ಇರುತ್ತದೆ. ಒಣ ರಸ್ತೆಯಲ್ಲಿ ತಿರುವಿಗೆ ಮುನ್ನ ಬಲವಾಗಿ ಬ್ರೇಕ್ ಹಾಕಿದರೆ ತೂಕ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರು ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ. ಒದ್ದೆಯಲ್ಲಿ ಅಷ್ಟು ಬಲವಾಗಿ ಬ್ರೇಕ್ ಹಾಕುವ ಹಾಗೇ ಇಲ್ಲ. ಹಾಗಾಗಿ ಅಷ್ಟು ತೂಕ ಮುಂದಕ್ಕೆ ಬರುವುದೂ ಇಲ್ಲ. ಮೊದಲೇ ಹಗುರವಾಗಿದ್ದ ಮೂತಿ ಹಗುರವಾಗಿಯೇ ಉಳಿಯುತ್ತದೆ, ತಿರುಗು ಎಂದರೆ ಹೊರಕ್ಕೆ ಜರುಗುತ್ತದೆ. ಇದಕ್ಕೆ ಅಂಡರ್‌ಸ್ಟಿಯರ್ ಎನ್ನುತ್ತಾರೆ. ಬಾಲ ಜಾರುವ ಕಾರು ಎಂದು ಹೆಸರಾದದ್ದು ಮೊದಲು ಮೂತಿಯನ್ನು ಜಾರಿಸುತ್ತದೆ. ಚಾಲಕ ಮೋಸ ಹೋಗುವುದು ಇಲ್ಲೇ. ಮೂತಿ ಜಾರುತ್ತಿದೆಯಲ್ಲ ಎಂದು ಅವನು ಸ್ಟಿಯರಿಂಗನ್ನು ಇನ್ನೂ ತಿರುಗಿಸುತ್ತಾನೆ. ಜಾರುತ್ತಿರುವ ಟೈರಿಗೆ ಅದರಿಂದ ಏನೂ ಉಪಯೋಗವಿಲ್ಲ. ಆದರೆ ಮುಂದಿನ ಚಕ್ರಗಳು ಈಗ ಬೇಕಾದ್ದಕ್ಕಿಂತ ಬಹಳ ಹೆಚ್ಚು ಒಳಕ್ಕೆ ತಿರುಗಿ ಕಾಯುತ್ತಾ ನಿಂತಿವೆ.

ಆಗ ಕಾಲು ಎತ್ತಿದರೆ? ಎಂಜಿನ್ ತಾನೇ ಬ್ರೇಕ್ ಹಾಕಿದಂತೆ ಎಳೆಯುತ್ತದೆ, ಅದೂ ಹಿಂದಿನ ಎರಡು ಚಕ್ರಗಳನ್ನು ಮಾತ್ರ. ತೂಕ ಹಿಂದಿನಿಂದ ಮುಂದಕ್ಕೆ ವಾಲುತ್ತದೆ. ಬಾಲ ಹಗುರಾಯಿತು, ಅದೇ ಹೊತ್ತಿಗೆ ಅದರ ಮೇಲೆ ಎಂಜಿನ್ ಎಳೆತದ ಹೊರೆ ಬಿತ್ತು. ಇತ್ತ ಮೂತಿಗೆ ತೂಕ ಬಂತು, ಹಿಡಿತ ಮರಳಿತು. ಹಿಡಿತ ಮರಳಿದ ಆ ಟೈರುಗಳು ಎಷ್ಟು ತಿರುಗಿ ನಿಂತಿದ್ದವೋ ಅಷ್ಟನ್ನೂ ಒಟ್ಟಿಗೆ ಜಾರಿಗೆ ತರುತ್ತವೆ. ಮುಂದೆ ಗಟ್ಟಿ ಹಿಡಿತ, ಹಿಂದೆ ಹಿಡಿತವೇ ಇಲ್ಲ, ನಡುವೆ ಸುಲಭಕ್ಕೆ ತಿರುಗುವ ದೇಹ. ಚಾಟಿ ಬೀಸಿದಂತೆ ಬಾಲ ಬರುವುದು ಹೀಗೆ.

ನನ್ನ ತಮ್ಮನಿಗೆ "ಏನೂ ಮಾಡಲಿಲ್ಲ" ಅಂದೆನಲ್ಲ, ಆ ಒಂದು ಚಲನೆಯಲ್ಲಿ ನಾನು ಇಷ್ಟೆಲ್ಲ ಮಾಡಿದ್ದೆ.

ಟೈರಿನ ಹಿಡಿತವನ್ನು ಒಂದು ವೃತ್ತವಾಗಿ ಚಿತ್ರಿಸುವ ಪದ್ಧತಿ ಇದೆ, ಜರ್ಮನಿಯ ಎಂಜಿನಿಯರ್ ವುನಿಬಾಲ್ಡ್ ಕಾಮ್ ಹೆಸರಿನಲ್ಲಿ ಅದನ್ನು ಕಾಮ್ ವೃತ್ತ ಎನ್ನುತ್ತಾರೆ. ಟೈರಿನ ಕೈಯಲ್ಲಿ ಇರುವುದು ಒಂದೇ ಗಂಟು. ಅದರಲ್ಲೇ ತಿರುವಿಗೂ ಕೊಡಬೇಕು, ಬ್ರೇಕಿಗೂ ಕೊಡಬೇಕು, ಓಟಕ್ಕೂ ಕೊಡಬೇಕು. ತಿರುವಿಗೆ ಪೂರ್ತಿ ಖರ್ಚಾಗಿದ್ದರೆ ಬ್ರೇಕಿಗೆ ಏನೂ ಉಳಿದಿರುವುದಿಲ್ಲ. ಮಳೆ ಮಾಡುವುದು ಇಷ್ಟೇ, ಆ ವೃತ್ತವನ್ನು ಚಿಕ್ಕದು ಮಾಡುತ್ತದೆ. ಒಳ್ಳೆಯ ಡಾಂಬರು ರಸ್ತೆ ಒಣಗಿದ್ದಾಗ ಘರ್ಷಣೆಯ ಅಂಕ ಸುಮಾರು 0.8 ಇದ್ದರೆ, ಒದ್ದೆಯಾದಾಗ 0.4ಕ್ಕೂ ಇಳಿಯಬಹುದು. 50 ಮೀಟರ್ ತ್ರಿಜ್ಯದ ಒಂದು ತಿರುವನ್ನು ಲೆಕ್ಕ ಹಾಕಿ ನೋಡಿ. 0.8ರಲ್ಲಿ ಗಂಟೆಗೆ ಸುಮಾರು 71 ಕಿ.ಮೀ.ವರೆಗೆ ಕಾರು ಜಾರದೆ ತಿರುಗುತ್ತದೆ, 0.4ರಲ್ಲಿ 50ಕ್ಕೇ ಹಿಡಿತ ಮುಗಿಯುತ್ತದೆ. ಅವತ್ತು ನಾನು ಈ ಎರಡು ಅಂಕಿಗಳ ನಡುವೆ ಎಲ್ಲೋ ಇದ್ದೆ. ನಿಲ್ಲುವ ದೂರ ಇನ್ನೂ ಕಟುವಾದ ಲೆಕ್ಕ: 80 ಕಿ.ಮೀ. ವೇಗದಿಂದ ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 31 ಮೀಟರ್ ಬೇಕಾದರೆ, ಅಂಥ ಒದ್ದೆಯಲ್ಲಿ 63 ಮೀಟರ್ ಬೇಕು.

ಮಳೆ ಶುರುವಾದ ಮೊದಲ ಕೆಲವು ನಿಮಿಷಗಳೇ ಕೆಟ್ಟವು ಎನ್ನುವುದನ್ನೂ ನೆನಪಿಡಿ. ಒಣ ದಿನಗಳಲ್ಲಿ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ನೀರಿನೊಂದಿಗೆ ಕಲಸಿ ಲೋಳೆಯಾಗುತ್ತವೆ. ಜೋರು ಮಳೆ ಬಿದ್ದು ತೊಳೆದ ಮೇಲೆ ರಸ್ತೆ ಸ್ವಲ್ಪ ಸುಧಾರಿಸುತ್ತದೆ. ರಸ್ತೆಗೆ ಬಳಿದ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಸೇತುವೆಯ ಜೋಡಣೆಯ ಲೋಹ, ಉದುರಿದ ಎಲೆ ಇವೆಲ್ಲ ತಿರುವಿನ ನಡುವೆ ಸಿಕ್ಕರೆ ಪುಟ್ಟ ಪುಟ್ಟ ಬಲೆಗಳು.

ನೀರು ನಿಂತಿದ್ದರೆ ಕಥೆಯೇ ಬೇರೆ. ಆಗ ಟೈರು ರಸ್ತೆಯನ್ನು ಮುಟ್ಟುವುದೇ ಇಲ್ಲ, ನೀರಿನ ಮೇಲೆ ತೇಲುತ್ತದೆ. 245 ಮಿ.ಮೀ. ಅಗಲದ ಟೈರು 3 ಮಿ.ಮೀ. ನೀರಿನ ಮೇಲೆ 80 ಕಿ.ಮೀ. ವೇಗದಲ್ಲಿ ಹೋಗುವಾಗ ಸೆಕೆಂಡಿಗೆ ಸುಮಾರು 16 ಲೀಟರ್ ನೀರನ್ನು ದಾರಿಯಿಂದ ತಳ್ಳಬೇಕು. ಒಂದು ಸೆಕೆಂಡಿಗೆ ಒಂದು ಬಕೆಟ್! ಹಿಂದಿನ ಟೈರು 305 ಮಿ.ಮೀ. ಇದ್ದರೆ 20 ಲೀಟರ್. ಮುಂದಿನ ಟೈರು ನೀರು ಸರಿಸಿ ದಾರಿ ಮಾಡಿಕೊಡುತ್ತದಲ್ಲ ಎನ್ನಬಹುದು. ಮಾಡಿಕೊಡುತ್ತದೆ, ತನ್ನ ಅಗಲದಷ್ಟು ಮಾತ್ರ. ಹಿಂದಿನ ಟೈರಿನ ಮಿಕ್ಕ ಅಗಲ ಹೊಸ ನೀರನ್ನೇ ಎದುರಿಸಬೇಕು. ಸ್ಪೋರ್ಟ್ಸ್ ಕಾರಿನ ಅಗಲದ ಟೈರು ಒಣ ರಸ್ತೆಯಲ್ಲಿ ಕೊಡುವ ಧೈರ್ಯವನ್ನು ನಿಂತ ನೀರಿನಲ್ಲಿ ಹೀಗೆ ವಾಪಸ್ ಕಿತ್ತುಕೊಳ್ಳುತ್ತದೆ.

1960ರ ದಶಕದಲ್ಲಿ ನಾಸಾದ ಸಂಶೋಧಕರು ವಿಮಾನದ ಟೈರುಗಳ ಮೇಲೆ ಪ್ರಯೋಗ ಮಾಡಿ, ಟೈರು ತೇಲತೊಡಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ ಎಂಬ ಸೂತ್ರ ಕೊಟ್ಟರು. ಆ ಸೂತ್ರದಲ್ಲಿ 32 ಪಿಎಸ್‌ಐಗೆ ಸುಮಾರು 94 ಕಿ.ಮೀ. ಬರುತ್ತದೆ, 26ಕ್ಕೆ ಇಳಿಸಿದರೆ 85 ಕಿ.ಮೀ. ಕಾರಿನ ಟೈರಿಗೆ ಇದು ಅಂದಾಜು ಮಾತ್ರ, ಗೀರುಗಳ ಆಳ ಮತ್ತು ನೀರಿನ ಆಳ ಸೇರಿದರೆ ಅಂಕಿ ಬದಲಾಗುತ್ತದೆ. ಆದರೂ ಗಾಳಿ ಕಡಿಮೆಯಾದ ಟೈರು ಬೇಗ ತೇಲುತ್ತದೆ ಎನ್ನುವ ಮಾತಿನಲ್ಲಿ ಅನುಮಾನವಿಲ್ಲ. "ಗಾಳಿ ಇಳಿಸಿದರೆ ಹಿಡಿತ ಹೆಚ್ಚು" ಎಂದು ಮಳೆಯಲ್ಲಿ ಗಾಳಿ ಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಟೈರಿನ ವಿಷಯ ಬಂದಾಗ ನನಗೆ ಸುಮ್ಮನಿರಲು ಆಗುವುದಿಲ್ಲ. ಇಂಥ ಕಾರುಗಳನ್ನು ಇಟ್ಟುಕೊಂಡವರು ಅವನ್ನು ಹೊರಗೆ ತೆಗೆಯುವುದೇ ಅಪರೂಪ. ವರ್ಷಕ್ಕೆ ಸಾವಿರ ಕಿ.ಮೀ. ಓಡಿದರೆ ಹೆಚ್ಚು. ಹತ್ತು ವರ್ಷವಾದರೂ ಟೈರಿನ ಗೀರುಗಳು ಹೊಸದರಂತೆ ಆಳವಾಗಿರುತ್ತವೆ, ಮಾಲೀಕರು ಬೆರಳಿಟ್ಟು ನೋಡಿ ಸಮಾಧಾನಪಡುತ್ತಾರೆ. ಆದರೆ ರಬ್ಬರ್ ಕೂತಲ್ಲೇ ಗಟ್ಟಿಯಾಗಿರುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆ ಡಾಂಬರಿನ ಸಣ್ಣ ಉಬ್ಬುತಗ್ಗುಗಳ ಒಳಗೆ ಇಳಿಯಲಾರದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮನೆಗೆ ಹೋದ ತಕ್ಷಣ ಟಾರ್ಚ್ ಹಿಡಿದು ಅದನ್ನು ನೋಡಿ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಮತ್ತು ಕಾರು ಓಡಿಸುತ್ತಿದ್ದ ಅವರ ಗೆಳೆಯ ತೀರಿಕೊಂಡ ಅಪಘಾತ ನಿಮಗೆ ನೆನಪಿರಬಹುದು. ಅದು ಪೋರ್ಷೆ ಕರೇರಾ ಜಿಟಿ, ಮಧ್ಯ ಎಂಜಿನ್ ಕಾರು. ರಸ್ತೆ ಒದ್ದೆ ಇರಲಿಲ್ಲ. ಮುಖ್ಯ ಕಾರಣ ಗಂಟೆಗೆ ಸುಮಾರು 130ರಿಂದ 150 ಕಿ.ಮೀ. ವೇಗ ಎಂದು ತನಿಖಾಧಿಕಾರಿಗಳು ಹೇಳಿದರು. ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು ಎನ್ನುವುದನ್ನೂ ಅವರು ದಾಖಲಿಸಿದರು. ಒಣ ರಸ್ತೆಯಲ್ಲೇ ಲೆಕ್ಕಕ್ಕೆ ಬಂದ ಟೈರಿನ ವಯಸ್ಸು ಮಳೆಯಲ್ಲಿ ಎಷ್ಟು ಭಾರವಾಗಬಹುದು ಎಂದು ಯೋಚಿಸಿ.

ಇನ್ನು ವೇಗ ಹೆಚ್ಚಿಸುವಾಗ ಕೈತಪ್ಪುವ ಮಾತು. ಅದು ಸುಲಭ ಲೆಕ್ಕ. 1,400 ಕೆ.ಜಿ. ಕಾರು, ಅದರಲ್ಲಿ 810 ಕೆ.ಜಿ.ಯಷ್ಟು ಹಿಂದಿನ ಚಕ್ರಗಳ ಮೇಲೆ ಎಂದಿಟ್ಟುಕೊಳ್ಳಿ. 0.4 ಘರ್ಷಣೆಯಲ್ಲಿ ಆ ಎರಡು ಟೈರುಗಳು ತಡೆಯುವ ತಳ್ಳುಬಲ ಸುಮಾರು 3,200 ನ್ಯೂಟನ್. 400 ನ್ಯೂಟನ್ ಮೀಟರ್ ಟಾರ್ಕಿನ (ತಿರುಗಿಸುವ ಬಲದ) ಎಂಜಿನ್ ಎರಡನೇ ಗೇರಿನಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಕೊಡಬಲ್ಲದು. ಮೂರನೇ ಗೇರಿನಲ್ಲೂ ಮಿಕ್ಕುತ್ತದೆ. ಹಾಗಾಗಿ ಪೆಡಲ್ ಪೂರ್ತಿ ಒತ್ತುವ ಪ್ರಶ್ನೆಯೇ ಇಲ್ಲ. ಟರ್ಬೊ ಇರುವ ಎಂಜಿನ್ ಆದರೆ ಕಾಲು ಒತ್ತಿದ್ದಕ್ಕೂ ಬಲ ಬರುವುದಕ್ಕೂ ನಡುವೆ ಸಣ್ಣ ಬಿಡುವು ಇರುತ್ತದೆ. ಬರಲಿಲ್ಲವಲ್ಲ ಎಂದು ಇನ್ನಷ್ಟು ಒತ್ತಿದಾಗ ಎರಡೂ ಒಟ್ಟಿಗೆ ಬಂದು ಸೇರುತ್ತವೆ. ಒಂದೇ ಚಕ್ರ ಬರಿದೇ ಸುತ್ತದಂತೆ ಎರಡಕ್ಕೂ ಬಲ ಹಂಚುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಹಿಂದಿನ ಎರಡೂ ಚಕ್ರಗಳು ಜೊತೆಯಾಗಿ ತಿರುಗಿ ಜಾರುತ್ತವೆ. ಒಂದೇ ಚಕ್ರ ಜಾರುವ ಮಾಮೂಲಿ ಡಿಫರೆನ್ಷಿಯಲಿನಲ್ಲಿ ಇನ್ನೊಂದು ಚಕ್ರವಾದರೂ ಬಾಲವನ್ನು ಹಿಡಿದುಕೊಂಡಿರುತ್ತದೆ.

ಕೈಯಿಂದ ಸರಿಪಡಿಸಬಹುದಲ್ಲ ಎಂದು ನೀವು ಕೇಳಬಹುದು. ಸಮಯ ನೋಡಿ. ಬಾಲ ಸೆಕೆಂಡಿಗೆ 60 ಡಿಗ್ರಿಯಂತೆ ತಿರುಗತೊಡಗಿತು ಎಂದುಕೊಳ್ಳಿ, ಚುರುಕಾದ ಕಾರಿಗೆ ಇದೇನೂ ಹೆಚ್ಚಲ್ಲ. ನಿಮಗೆ ಅದು ಅರಿವಾಗಿ ಕೈ ಅಲುಗಾಡಲು 0.7 ಸೆಕೆಂಡ್ ಬೇಕು. ಅಷ್ಟರಲ್ಲಿ ಕಾರು 42 ಡಿಗ್ರಿ ಅಡ್ಡ ತಿರುಗಿದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೂ ಮುಂದಿನ ಚಕ್ರಗಳು ತಿರುಗುವುದು 30ರಿಂದ 40 ಡಿಗ್ರಿ ಮಾತ್ರ. ಅಂದರೆ ನಿಮ್ಮ ಕೈ ಕೆಲಸ ಶುರು ಮಾಡುವ ಹೊತ್ತಿಗೆ ಸರಿಪಡಿಸುವ ಅವಕಾಶ ಮುಗಿದಿರುತ್ತದೆ. ರೇಸ್ ಚಾಲಕರು ಗೆಲ್ಲುವುದು ಕೈ ವೇಗವಾಗಿರುವುದರಿಂದ ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ಹಾಗಲ್ಲ, ಅವರಿಗೆ ಬಾಲ ಹೊರಡುವ ಮುನ್ನವೇ ಸೊಂಟಕ್ಕೆ ತಿಳಿದಿರುತ್ತದೆ, ಅವರ ಕೈ ಆಗಲೇ ಹೊರಟಿರುತ್ತದೆ.

ಇದನ್ನು ನಾನು ಕಲಿತದ್ದು ನೀರು ಹಾಯಿಸಿದ ಅಭ್ಯಾಸದ ಅಂಗಳವೊಂದರಲ್ಲಿ. ಅಲ್ಲಿನ ತರಬೇತುದಾರರು ಗಂಟೆಗೆ 40 ಕಿ.ಮೀ. ವೇಗದಲ್ಲಿ ವೃತ್ತಾಕಾರವಾಗಿ ಓಡಿಸಲು ಹೇಳಿ, "ಈಗ ಬೇಕೆಂದೇ ಕಾಲು ಎತ್ತಿ" ಅಂದರು. ಎತ್ತಿದೆ, ಕಾರು ಸುತ್ತಿತು. "ಇನ್ನೊಮ್ಮೆ." ಮತ್ತೆ ಸುತ್ತಿತು. ಹತ್ತು ಹನ್ನೆರಡು ಸಲ ಸುತ್ತಿದ ಮೇಲೆ ಒಂದು ವಿಚಿತ್ರ ಅನುಭವವಾಯಿತು. ಬಾಲ ಜಾರುವ ಮುನ್ನ ಸೀಟು ನನ್ನನ್ನು ಸ್ವಲ್ಪ ಸಡಿಲ ಬಿಟ್ಟಂತೆ ಅನಿಸತೊಡಗಿತು. ಅಷ್ಟು ಸಲವೂ ಅದು ಅಲ್ಲೇ ಇದ್ದಿರಬೇಕು, ನನ್ನ ಮೈ ಕೇಳಿಸಿಕೊಂಡಿರಲಿಲ್ಲ. ಆಮೇಲೆ ಅವರು ಹೇಳಿದ ಮಾತು: "ಎತ್ತಬೇಡಿ, ಸಡಿಲಿಸಿ. ಪೆಡಲಿನ ಮೇಲೆ ಮೊಟ್ಟೆ ಇದೆ ಅಂದುಕೊಳ್ಳಿ." ಅರ್ಧ ಸೆಂಟಿಮೀಟರಿನಷ್ಟು ಸಡಿಲಿಸಿದರೆ ಮೂತಿಗೆ ಬೇಕಾದಷ್ಟೇ ತೂಕ ಬರುತ್ತದೆ, ಬಾಲ ಹೆಚ್ಚು ಹಗುರಾಗುವುದಿಲ್ಲ. ಜೊತೆಗೆ ಸ್ಟಿಯರಿಂಗನ್ನು ಹೆಚ್ಚು ತಿರುಗಿಸುವ ಬದಲು ತುಸು ಬಿಚ್ಚಬೇಕು. ತಿರುವಿನಲ್ಲಿ ಹೊರಕ್ಕೆ ಹೋಗುತ್ತಿರುವಾಗ ಸ್ಟಿಯರಿಂಗ್ ಬಿಚ್ಚುವುದೆಂದರೆ ಮನಸ್ಸು ಒಪ್ಪುವುದೇ ಇಲ್ಲ. ಅದಕ್ಕೇ ಓದಿ ಕಲಿಯುವ ವಿದ್ಯೆ ಇದಲ್ಲ ಎನ್ನುತ್ತೇನೆ.

ಬಾಲ ಹೊರಟೇಬಿಟ್ಟರೆ ಕಣ್ಣು ಹೋಗಬೇಕಾದ ಕಡೆಗೆ ಇರಲಿ, ಕೈ ಕಣ್ಣನ್ನು ಹಿಂಬಾಲಿಸುತ್ತದೆ. ಬಾಲ ತಡೆದು ನಿಂತ ಕ್ಷಣವೇ ಸ್ಟಿಯರಿಂಗನ್ನು ನೇರಕ್ಕೆ ತರಬೇಕು. ನಾನು ಅವತ್ತು ಅಲ್ಲಿ ತಡ ಮಾಡಿದ್ದರಿಂದಲೇ ಎರಡನೇ ಬೀಸು ಬಂದದ್ದು. ಸರಿಪಡಿಸುವ ಹಂತ ದಾಟಿದೆ ಎಂದು ಗೊತ್ತಾದರೆ ಕ್ಲಚ್ಚನ್ನೂ ಬ್ರೇಕನ್ನೂ ಪೂರ್ತಿ ಒತ್ತಿ ಹಿಡಿಯಿರಿ. ಕಾರು ಸುತ್ತುತ್ತದೆ, ಸುತ್ತಲಿ, ಆದಷ್ಟು ಬೇಗ ನಿಲ್ಲುವುದು ಮುಖ್ಯ.

ಎಲೆಕ್ಟ್ರಾನಿಕ್ ವ್ಯವಸ್ಥೆಗಳು ಇವೆಯಲ್ಲ? ಇವೆ, ನಾನು ಅವಕ್ಕೆ ಕೈ ಮುಗಿಯುತ್ತೇನೆ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ, ಕಾರು ಜಾರಿ ಸುತ್ತದಂತೆ ಕಾಯುವ ಇಎಸ್‌ಪಿ ತಂದವು. ನೀವು ಸ್ಟಿಯರಿಂಗ್ ಎಷ್ಟು ತಿರುಗಿಸಿದ್ದೀರಿ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ ಎನ್ನುವುದನ್ನು ಅದು ಬಿಡದೆ ಹೋಲಿಸುತ್ತಿರುತ್ತದೆ. ವ್ಯತ್ಯಾಸ ಕಂಡರೆ ನಾಲ್ಕರಲ್ಲಿ ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಯಾವ ಮನುಷ್ಯನ ಕಾಲಿಗೂ ಆಗದ ಕೆಲಸ ಅದು. ಈಗ ಅನೇಕ ದೇಶಗಳಲ್ಲಿ ಹೊಸ ಕಾರುಗಳಿಗೆ ಅದು ಕಡ್ಡಾಯ. ಆದರೆ ಆ ಕರೇರಾ ಜಿಟಿಯಲ್ಲಿ ಅದು ಇರಲಿಲ್ಲ, ಹಳೆಯ ಎಷ್ಟೋ ಮಧ್ಯ ಎಂಜಿನ್ ಕಾರುಗಳಲ್ಲಿ ಇಲ್ಲ. ಇರುವ ಕಾರುಗಳಲ್ಲಿ ಸ್ಪೋರ್ಟ್, ಟ್ರ್ಯಾಕ್ ಎಂಬ ಗುಂಡಿ ಒತ್ತಿದರೆ ಅದರ ಹಿಡಿತ ಸಡಿಲವಾಗುತ್ತದೆ. ಟೈರೇ ನೀರಿನ ಮೇಲೆ ತೇಲುತ್ತಿದ್ದರೆ ಯಾವ ಚಕ್ರಕ್ಕೆ ಬ್ರೇಕ್ ಹಾಕಿ ಏನು ಪ್ರಯೋಜನ?

ಈಗಿನ ಪೋರ್ಷೆ 911ರಲ್ಲಿ ಒಂದು ಚಂದದ ಉಪಾಯವಿದೆ. ಅದು ಮಧ್ಯ ಎಂಜಿನ್ ಕಾರಲ್ಲ, ಅದರ ಎಂಜಿನ್ ಹಿಂದಿನ ಆಕ್ಸಲಿಗೂ ಆಚೆ ಇದೆ, ಆದರೂ ಹೇಳುತ್ತೇನೆ. ಮುಂದಿನ ಚಕ್ರಗಳ ಮೇಲಿನ ಕಮಾನಿನ ಒಳಗೆ ಶಬ್ದ ಹಿಡಿಯುವ ಸಂವೇದಕಗಳನ್ನು ಇಟ್ಟಿದ್ದಾರೆ. ನೀರು ಎರಚುವ ಸದ್ದು ಕೇಳಿ ರಸ್ತೆ ಒದ್ದೆಯಾಗಿದೆ ಎಂದು ಕಾರು ಚಾಲಕನಿಗೆ ತಿಳಿಸುತ್ತದೆ. ಆ ಕಿವಿ ನಮಗೂ ಇದೆ. ಚಕ್ರದ ಬುಡದಲ್ಲಿ ನೀರಿನ ಸದ್ದು ಬದಲಾಗಿ, ಸ್ಟಿಯರಿಂಗ್ ದಿಢೀರನೆ ಹಗುರಾದರೆ ಮುಂದಿನ ಟೈರು ತೇಲುತ್ತಿದೆ ಎಂದರ್ಥ. ಮಧ್ಯ ಎಂಜಿನ್ ಕಾರಿನಲ್ಲಿ ಕಿವಿಯ ಹಿಂದೆಯೇ ಎಂಜಿನ್ ಕೂಗುತ್ತಿರುತ್ತದೆ, ಹಾಡು ಬೇರೆ ಹಾಕಿದ್ದರೆ ಆ ಸುಳಿವು ಕೇಳುವುದೇ ಇಲ್ಲ. ಮಳೆಯಲ್ಲಿ ನಾನು ಹಾಡು ನಿಲ್ಲಿಸುತ್ತೇನೆ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

"ಸರ್, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು ತೆಗೆದುಕೊಂಡರೆ ಈ ತೊಂದರೆ ಇರುವುದಿಲ್ಲವೇ?"

ಆಡಿ ಆರ್8, ಲಂಬೋರ್ಗಿನಿ ಹುರಕಾನ್ ಥರದ ಕಾರುಗಳಲ್ಲಿ ಅದು ಇದೆ. ಹೊರಡುವಾಗ, ತಿರುವಿನಿಂದ ಹೊರಬರುವಾಗ ಬಹಳ ಸಹಾಯ. ಆದರೆ ಬ್ರೇಕ್ ಹಾಕುವಾಗ ಎಲ್ಲ ಕಾರಿಗೂ ನಾಲ್ಕೇ ಟೈರು. ಹೊರಡುವಾಗ ಜಾರದ ಕಾರು ರಸ್ತೆ ಎಷ್ಟು ಒದ್ದೆಯಾಗಿದೆ ಎನ್ನುವುದನ್ನು ನಿಮಗೆ ಹೇಳುವುದೇ ಇಲ್ಲ. ಅದು ಗೊತ್ತಾಗುವುದು ನಿಲ್ಲಿಸಬೇಕಾದಾಗ.

"ಕ್ರೂಸ್ ಕಂಟ್ರೋಲ್ ಹಾಕಿದರೆ ಕಾಲು ತಪ್ಪು ಮಾಡುವ ಪ್ರಶ್ನೆಯೇ ಬರುವುದಿಲ್ಲ, ಅಲ್ಲವೇ?"

ಬೇಡಮ್ಮ, ಮಳೆಯಲ್ಲಿ ಅದನ್ನು ಹಾಕಲೇಬೇಡಿ. ನೀವು ಇಟ್ಟ ವೇಗವನ್ನು ತಾನೇ ಕಾಯುವುದು ಅದರ ಕೆಲಸ, ನೀರು ಎಳೆದು ವೇಗ ಇಳಿದರೆ ಅದು ಬಲ ಕೊಡಲು ನೋಡುತ್ತದೆ. ನಿಮ್ಮ ಕಾಲು ಪೆಡಲಿನಿಂದ ದೂರ ಇರುತ್ತದೆ, ಗಾಬರಿಯಲ್ಲಿ ಅದು ನೇರ ಬ್ರೇಕಿಗೆ ಬೀಳುತ್ತದೆ.

"ಹಾಗಾದರೆ ಇಂಥ ಕಾರನ್ನು ಮಳೆಯಲ್ಲಿ ಹೊರಗೆ ತೆಗೆಯಲೇಬಾರದೇ?"

ತೆಗೆಯಿರಿ. ಮಳೆಯನ್ನೇ ಕಾಣದ ಕಾರಿನ ಚಾಲಕ ಮಳೆ ಬಂದ ದಿನ ಅತಿ ಅಪಾಯದವನು. ಮೊದಲು ಅಂಥ ಒಂದು ಅಂಗಳದಲ್ಲಿ ಅರ್ಧ ದಿನ ಸುತ್ತಿ ಬನ್ನಿ. ರಸ್ತೆಯಲ್ಲಿ ತಿರುವಿಗೆ ಮುನ್ನವೇ, ಕಾರು ನೇರವಾಗಿರುವಾಗಲೇ ವೇಗ ಇಳಿಸಿ. ತಿರುವಿನೊಳಗೆ ಕಾಲಿಗೆ ಯಾವ ತೀರ್ಮಾನವನ್ನೂ ಉಳಿಸಬೇಡಿ.

"ನಿಮ್ಮ ತಮ್ಮ ಆಮೇಲೆ ನಿಮ್ಮ ಜೊತೆ ಆ ಕಾರಿನಲ್ಲಿ ಕೂತರೇ?"

ಒಂದು ವರ್ಷ ಕೂರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆಮೇಲೆ ಅವನನ್ನೇ ಆ ಅಂಗಳಕ್ಕೆ ಕರೆದುಕೊಂಡು ಹೋದೆ. ಅವನು ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ನಾಲ್ಕನೇ ಸಲಕ್ಕೇ ಅವನ ಕಾಲಿಗೆ ಅದು ಸಿಕ್ಕಿತು, ನನಗಿಂತ ಬೇಗ. ಈಗ ಮಳೆ ಹಿಡಿದರೆ ಕೀಲಿಯನ್ನು ಅವನಿಗೇ ಕೊಡುತ್ತೇನೆ. ಈ ಮಳೆಗಾಲ ಶುರುವಾಗುವ ಮುನ್ನ ಹಿಂದಿನ ಎರಡು ಟೈರು ಬದಲಿಸಬೇಕು ಎಂದು ಹೇಳಿದವನೂ ಅವನೇ. ಗೀರು 4 ಮಿ.ಮೀ.ಗೆ ಇಳಿದಿದೆ, ಇನ್ನೂ ಓಡಿಸಬಹುದು ಎಂದು ನಾನು ಸುಮ್ಮನಿದ್ದೆ. ಅವನು ಅಳತೆ ಕಡ್ಡಿ ತಂದು ನನ್ನ ಕೈಗಿಟ್ಟ. ಮುಂದಿನ ವಾರ ಬದಲಿಸುತ್ತಿದ್ದೇವೆ.